5 ಗಂಟೆಯ ವೇವ್ ಫೈಲ್ 51 ನಿಮಿಷಕ್ಕೇ ನಿಲ್ಲುತ್ತಿದೆ, ಎಂಕೆಎಗೆ ಬದಲಾಯಿಸಿದರೂ ಅಷ್ಟೇ

ಪ್ರಶ್ನೆ:
ನಮಸ್ಕಾರ. ನಮ್ಮಜ್ಜಿ ತಮ್ಮ ಬದುಕಿನ ಬಗ್ಗೆ ಮಾತಾಡಿದ್ದನ್ನು ಎಲ್ಲೂ ನಿಲ್ಲಿಸದೆ 5 ಗಂಟೆ ರೆಕಾರ್ಡ್ ಮಾಡಿದ್ದೆ. 48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೋ ವೇವ್. ಫೈಲ್ ಗಾತ್ರ 5.18 ಜಿಬಿ ಇದೆ. ಆದರೆ ಪ್ಲೇಯರ್ 51 ನಿಮಿಷ 27 ಸೆಕೆಂಡ್ ಅಂತ ತೋರಿಸಿ ಅಲ್ಲಿಗೇ ನಿಲ್ಲುತ್ತದೆ. ಎಫ್‌ಎಫ್‌ಎಂಪೆಗ್‌ನಿಂದ (ಧ್ವನಿ, ವಿಡಿಯೋ ಫೈಲ್‌ಗಳನ್ನು ಬದಲಾಯಿಸುವ ಸಾಫ್ಟ್‌ವೇರ್) ಎಂಕೆಎ (ಧ್ವನಿ ಇಡುವ ಇನ್ನೊಂದು ಬಗೆಯ ಫೈಲ್) ಮಾಡಿದೆ. ಅದೂ 51 ನಿಮಿಷ, ಮೇಲಾಗಿ ಫೈಲ್ ತೀರಾ ಚಿಕ್ಕದಾಗಿಬಿಟ್ಟಿದೆ. ಉಳಿದ ಮಾತೆಲ್ಲ ಹೋಯಿತೇ? ನನ್ನ ಹತ್ತಿರ ಬೇರೆ ಪ್ರತಿ ಇಲ್ಲ.

ಉತ್ತರ:
ಗಾಬರಿಯಾಗಬೇಡಿ, ಏನೂ ಹೋಗಿಲ್ಲ. ಮೊದಲು ಆ ಫೈಲನ್ನು ಇನ್ನೊಂದು ಡಿಸ್ಕಿಗೆ ಕಾಪಿ ಮಾಡಿ. ಮೂಲವನ್ನು ಯಾವ ಎಡಿಟರ್‌ನಲ್ಲೂ ತೆರೆದು ಸೇವ್ ಮಾಡಬೇಡಿ. ಹಾಗೆ ಮಾಡಿದರೆ 51 ನಿಮಿಷ ಮಾತ್ರ ಉಳಿದೀತು.

ವೇವ್ 1991ರ ಕಾಲದ್ದು. ಒಳಗೆ ಎಷ್ಟು ಧ್ವನಿ ಇದೆ ಎಂದು ಬರೆಯಲು ಹೆಡರ್‌ನಲ್ಲಿ (ಫೈಲ್‌ನ ಆರಂಭದ ಮಾಹಿತಿ ಭಾಗ) 32 ಬಿಟ್ ಜಾಗ ಮಾತ್ರ ಇದೆ, ಅಂದರೆ 4,29,49,67,295 ಬೈಟ್‌ವರೆಗೆ. ನಿಮ್ಮ ರೆಕಾರ್ಡಿಂಗ್ ಸೆಕೆಂಡಿಗೆ 2,88,000 ಬೈಟ್ ತಿನ್ನುತ್ತದೆ. 4 ಗಂಟೆ 8 ನಿಮಿಷ 33 ಸೆಕೆಂಡಿಗೆ ಆ ಲೆಕ್ಕ ತುಂಬಿ ಮತ್ತೆ ಸೊನ್ನೆಯಿಂದ ಶುರುವಾಗಿದೆ. 5 ಗಂಟೆಯಲ್ಲಿ ಅಷ್ಟನ್ನು ಕಳೆದು ನೋಡಿ: 51 ನಿಮಿಷ 27 ಸೆಕೆಂಡ್! ಅಂದರೆ ತಪ್ಪಿರುವುದು ಹೆಡರ್‌ನ ಅಂಕಿ, ಧ್ವನಿ ಪೂರ್ತಿ ಇದೆ.

ಎಂಕೆಎ ಚಿಕ್ಕದಾಗಿದ್ದಕ್ಕೆ ಕಾರಣ ಬೇರೆ. ಕೋಡೆಕ್ (ಧ್ವನಿಯನ್ನು ಫೈಲ್‌ನಲ್ಲಿ ಬರೆಯುವ ವಿಧಾನ) ಯಾವುದೆಂದು ನೀವು ಹೇಳದಿದ್ದರೆ ಎಫ್‌ಎಫ್‌ಎಂಪೆಗ್ ಎಂಕೆಎಗೆ ಸಾಮಾನ್ಯವಾಗಿ ವೋರ್ಬಿಸ್ ಆರಿಸಿಕೊಳ್ಳುತ್ತದೆ. ಅದು ನಷ್ಟವಾಗುವ ಕಂಪ್ರೆಶನ್. ಆ ಫೈಲನ್ನು ಅಳಿಸಿಬಿಡಿ.

ಈಗ ಹೀಗೆ ಮಾಡಿ. ಇನ್‌ಪುಟ್ ಫೈಲ್‌ನ ಹೆಸರಿಗಿಂತ ಮುಂಚೆ ‘ಇಗ್ನೋರ್ ಲೆಂಗ್ತ್’ ಆಯ್ಕೆಗೆ 1 ಕೊಡಿ (ಎರಡು ಪದಗಳ ನಡುವೆ ಅಂಡರ್‌ಸ್ಕೋರ್ ಬರುತ್ತದೆ). ಆಗ ಅದು ಹೆಡರ್ ಹೇಳಿದ ಉದ್ದ ನಂಬದೆ ಫೈಲ್ ಮುಗಿಯುವವರೆಗೂ ಓದುತ್ತದೆ. ಇನ್‌ಪುಟ್ ಆದಮೇಲೆ ‘ಸಿ’ ಆಯ್ಕೆಗೆ ‘ಕಾಪಿ’ ಎಂದು ಕೊಟ್ಟು, ಔಟ್‌ಪುಟ್ ಹೆಸರನ್ನು ಎಂಕೆಎ ಎಂದು ಮುಗಿಸಿ. ಧ್ವನಿಯ ಒಂದು ಬಿಟ್ಟೂ ಬದಲಾಗದೆ ಡಬ್ಬ ಮಾತ್ರ ಬದಲಾಗುತ್ತದೆ. ಗಾತ್ರವೂ ಹೆಚ್ಚುಕಡಿಮೆ 5.18 ಜಿಬಿಯೇ ಇರಬೇಕು.

ಪ್ರಶ್ನೆ ಕೇಳಿದವರು:
ಪೂರ್ತಿ 5 ಗಂಟೆ ಬಂತು! ತುಂಬಾ ತುಂಬಾ ಥ್ಯಾಂಕ್ಸ್. ಕೊನೆಯ ಕ್ಷಣದಲ್ಲಿ ‘ಟಪ್’ ಅಂತ ಒಂದು ಸದ್ದಿದೆ, ಅದೇನು? ಧ್ವನಿ ಹಾಗೇ ಇದೆ ಅಂತ ಖಚಿತ ಮಾಡಿಕೊಳ್ಳುವುದು ಹೇಗೆ?

ಉತ್ತರ:
ಕೆಲವು ರೆಕಾರ್ಡರ್‌ಗಳು ಧ್ವನಿ ಮುಗಿದಮೇಲೆ ಫೈಲ್‌ನ ಕೊನೆಯಲ್ಲಿ ಟ್ಯಾಗ್ ಮಾಹಿತಿ ಬರೆಯುತ್ತವೆ. ಉದ್ದ ಲೆಕ್ಕಿಸದೆ ಓದಿದಾಗ ಅದೂ ಧ್ವನಿಯೆಂದೇ ಸೇರಿಕೊಳ್ಳುತ್ತದೆ. ‘ಟಪ್’ ಬಹುಶಃ ಅದೇ.

ಖಚಿತಕ್ಕೆ ಎರಡೂ ಫೈಲ್‌ಗಳ ಎಂಡಿ5 (ಒಳಗಿನ ಮಾಹಿತಿಯಿಂದ ಲೆಕ್ಕ ಹಾಕಿದ ಬೆರಳಚ್ಚಿನಂಥ ಸಂಖ್ಯೆ) ತೆಗೆದು ಹೋಲಿಸಿ: ಔಟ್‌ಪುಟ್ ಫಾರ್ಮ್ಯಾಟ್ ಎಂಡಿ5 ಎಂದು ಕೊಡಿ, ಮೂಲಕ್ಕೆ ‘ಇಗ್ನೋರ್ ಲೆಂಗ್ತ್’ ಮರೆಯಬೇಡಿ. ಇಲ್ಲಿಯೂ ‘ಕಾಪಿ’ ಇರಲೇಬೇಕು. ಇಲ್ಲದಿದ್ದರೆ ಅದು ಧ್ವನಿಯನ್ನು 16 ಬಿಟ್‌ಗೆ ಇಳಿಸಿ ಲೆಕ್ಕ ಹಾಕುತ್ತದೆ, ನಿಮ್ಮ 24 ಬಿಟ್‌ನ ಪರೀಕ್ಷೆಯೇ ಆಗುವುದಿಲ್ಲ. ನಾನು ಇದನ್ನು ತಿಳಿಯದೆ ಎಷ್ಟೋ ದಿನ ಸುಮ್ಮನೆ ನಂಬಿದ್ದೆ.

ಇನ್ನೊಬ್ಬರು:
ನೇರ ಫ್ಲಾಕ್ (ನಷ್ಟವಿಲ್ಲದೆ ಕುಗ್ಗಿಸುವ ಧ್ವನಿ ಫಾರ್ಮ್ಯಾಟ್) ಮಾಡಿದರೆ ಜಾಗವೂ ಉಳಿಯುತ್ತಲ್ಲವೇ?

ಉತ್ತರ:
ಉಳಿಯುತ್ತದೆ, ನಷ್ಟವೂ ಇಲ್ಲ. ಬೇಕಿದ್ದರೆ ಫ್ಲಾಕ್ ಧ್ವನಿಯನ್ನೇ ಎಂಕೆಎ ಒಳಗೆ ಇಡಬಹುದು. ನನಗೆ ಎಂಕೆಎ ಇಷ್ಟವಾಗುವುದು ಅಧ್ಯಾಯಗಳಿಗಾಗಿ. ಅಜ್ಜಿ ಬಾಲ್ಯದ ಬಗ್ಗೆ ಹೇಳಿದ ಭಾಗ ಎಲ್ಲಿದೆ ಎಂದು ಗುರುತು ಹಾಕಬಹುದು, ಅವರ ಫೋಟೋವನ್ನೂ ಜೊತೆಗಿಡಬಹುದು. ಎಡಿಟಿಂಗ್‌ಗೆ ಮಾತ್ರ ತೊಡಕು, ಎಂಕೆಎ ತೆರೆಯದ ಸಾಫ್ಟ್‌ವೇರ್‌ಗಳಿವೆ. ಅದಕ್ಕೆ 64 ಬಿಟ್ ಲೆಕ್ಕವಿರುವ ಆರ್‌ಎಫ್64 ಅಥವಾ ಆಪಲ್‌ನ ಸಿಎಎಫ್ ಫಾರ್ಮ್ಯಾಟ್ ಬಳಸಿ.

ಪ್ರಶ್ನೆ ಕೇಳಿದವರು:
ಎಂಡಿ5 ಎರಡೂ ಒಂದೇ ಬಂತು. ಅಧ್ಯಾಯ ಗುರುತಿಸಲು ಕೂತಿದ್ದೇನೆ.