ಎರಡು ವರ್ಷದ ಮಗುವಿಗೆ 102 ಜ್ವರ: ಪ್ಯಾರಾಸಿಟಮಾಲ್ ಎಷ್ಟು ಎಂಎಲ್? ಡೆಂಗ್ಯೂ ಟೆಸ್ಟ್ ಯಾವಾಗ?

ಬಸವನಗುಡಿ ಅಮ್ಮ
ಮಗಳಿಗೆ ಎರಡು ವರ್ಷ, ತೂಕ 12 ಕೆಜಿ. ನಿನ್ನೆ ಸಂಜೆಯಿಂದ ಜ್ವರ, ಕಂಕುಳಲ್ಲಿ 102 ತೋರಿಸುತ್ತಿದೆ. ಮೂಗು ಸೋರುತ್ತೆ, ಬೇರೇನೂ ಇಲ್ಲ. ಮನೆಯಲ್ಲಿ ಪ್ಯಾರಾಸಿಟಮಾಲ್ ಮೂರು ಥರ ಇದೆ: 120ರ ಸಿರಪ್, 250ರ ಸಿರಪ್, ಅವಳು ಕೂಸಾಗಿದ್ದಾಗ ತಂದ ಡ್ರಾಪ್ಸ್. ಯಾವುದು, ಎಷ್ಟು ಕೊಡಲಿ? ಕೊಟ್ಟ ಮೇಲೆ 100ಕ್ಕೆ ಇಳಿದು ಮತ್ತೆ ಏರುತ್ತೆ. ಮೆಡಿಕಲ್ ಶಾಪಿನವರು ಮೆಫೆನಾಮಿಕ್ ಕೊಡಿ ಅಂತಾರೆ, ಅತ್ತೆ ತಣ್ಣೀರು ಬಟ್ಟೆ ಹಾಕು ಅಂತಾರೆ. ಡೆಂಗ್ಯೂ ಟೆಸ್ಟ್ ಇವತ್ತೇ ಮಾಡಿಸಬೇಕಾ?

ಫಾರ್ಮಸಿಸ್ಟ್, ಮಲ್ಲೇಶ್ವರಂ
ಮೇಡಂ, ಡೋಸ್ ಲೆಕ್ಕ ಹಾಕೋದು ವಯಸ್ಸಿಗಲ್ಲ, ತೂಕಕ್ಕೆ. ಒಂದು ಕೆಜಿಗೆ ಒಂದು ಸಲಕ್ಕೆ 15 ಮಿ.ಗ್ರಾಂ. ನಿಮ್ಮ ಮಗಳಿಗೆ 180 ಮಿ.ಗ್ರಾಂ.

120 ಅಂತ ಇರುವ ಬಾಟಲಿಯಲ್ಲಿ 5 ಎಂಎಲ್‌ಗೆ 120 ಮಿ.ಗ್ರಾಂ ಇರುತ್ತೆ, ಅದರಲ್ಲಿ 7.5 ಎಂಎಲ್. 250ರದ್ದಾದರೆ 3.5 ಎಂಎಲ್ ಸಾಕು. ಡ್ರಾಪ್ಸ್ ಸಾಮಾನ್ಯವಾಗಿ 1 ಎಂಎಲ್‌ಗೇ 100 ಮಿ.ಗ್ರಾಂ. ದೊಡ್ಡ ಅಪಾಯ ಇರೋದು ಇಲ್ಲೇ. ನಿದ್ದೆಗಣ್ಣಲ್ಲಿ ಡ್ರಾಪ್ಸನ್ನು ಸಿರಪ್ ಅಂದುಕೊಂಡು 7.5 ಎಂಎಲ್ ಕುಡಿಸಿದರೆ 750 ಮಿ.ಗ್ರಾಂ ಹೋಗುತ್ತೆ, ಅಂದರೆ ನಾಲ್ಕು ಪಟ್ಟಿಗೂ ಹೆಚ್ಚು. ಹೀಗೆ ಮತ್ತೆ ಮತ್ತೆ ಆದರೆ ಲಿವರ್ ಕೆಡುತ್ತೆ. ಅಷ್ಟು ಹಳೆಯ ಡ್ರಾಪ್ಸ್ ಇವತ್ತೇ ಬಿಸಾಡಿ. ಎರಡು ಸಿರಪ್‌ಗಳಲ್ಲೂ ಒಂದನ್ನು ಮಾತ್ರ ಕೈಗೆ ಸಿಗುವಲ್ಲಿ ಇಡಿ. ಅಡುಗೆಮನೆ ಚಮಚ ಬೇಡ, ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆದು ಕೆನ್ನೆಯ ಒಳಬದಿಗೆ ನಿಧಾನವಾಗಿ ಬಿಡಿ.

ಆರು ಗಂಟೆಗೊಮ್ಮೆ ಕೊಡಿ. ತೀರಾ ಬೇಕಾದರೆ ನಾಲ್ಕು ಗಂಟೆಗೆ, ಅದಕ್ಕಿಂತ ಮೊದಲು ಬೇಡ. 24 ಗಂಟೆಯಲ್ಲಿ ನಾಲ್ಕು ಡೋಸ್ ಮೀರಬಾರದು. ಕೊಟ್ಟ ಟೈಮ್ ಬರೆದಿಡಿ, ಇಲ್ಲದಿದ್ದರೆ ನೀವೊಮ್ಮೆ, ಅತ್ತೆಯವರೊಮ್ಮೆ ಕೊಟ್ಟುಬಿಡುತ್ತೀರಿ. ಅರ್ಧ ಗಂಟೆಯೊಳಗೆ ಪೂರ್ತಿ ವಾಂತಿ ಮಾಡಿದರೆ ಅದೇ ಡೋಸ್ ಇನ್ನೊಮ್ಮೆ ಕೊಡಬಹುದು, ಅದರ ನಂತರವಾದರೆ ಮುಂದಿನ ಹೊತ್ತಿಗೆ ಕಾಯಿರಿ.

ಮೂಗು ಸೋರುತ್ತೆ ಅಂತ ಕೋಲ್ಡ್ ಸಿರಪ್ ಸೇರಿಸಬೇಡಿ. ಎಷ್ಟೋ ಕೋಲ್ಡ್ ಸಿರಪ್‌ಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತೆ, ಗೊತ್ತಿಲ್ಲದೆ ಡೋಸ್ ಡಬಲ್ ಆಗುತ್ತೆ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲ್‌ಎಫ್ರಿನ್ ಬೆರೆಸಿದ ನೆಗಡಿ ಔಷಧಿಯನ್ನು ನಾಲ್ಕು ವರ್ಷದೊಳಗಿನವರಿಗೆ ಕೊಡಬಾರದು ಅಂತ 2023ರ ಡಿಸೆಂಬರ್‌ನಲ್ಲಿ ಕೇಂದ್ರ ಔಷಧ ನಿಯಂತ್ರಕರೇ ಹೇಳಿದ್ದಾರೆ. ಮೂಗಿಗೆ ಸಲೈನ್ ಹನಿ ಸಾಕು.

ಮಕ್ಕಳ ವಾರ್ಡ್ ನರ್ಸ್
ಮೇಲಿನ ಲೆಕ್ಕ ಸರಿಯಾಗಿದೆ. ಜ್ವರ ಮತ್ತೆ ಏರುತ್ತೆ ಅಂತ ಹೆದರಬೇಡಿ. ಔಷಧಿಯ ಪ್ರಭಾವ ಇಳಿದಾಗ ವೈರಲ್ ಜ್ವರ ಏರಲೇಬೇಕು. ನೋಡಬೇಕಾದದ್ದು ಜ್ವರ ಇಳಿದಿರುವ ಆ ಒಂದೆರಡು ಗಂಟೆಯಲ್ಲಿ ಮಗು ಹೇಗಿದೆ ಅನ್ನೋದನ್ನ. ಆಟಕ್ಕೆ ಎದ್ದರೆ, ಎರಡು ಗುಟುಕು ಗಂಜಿ ಕುಡಿದರೆ, ಉಚ್ಚೆ ಸರಿಯಾಗಿ ಹೋಗುತ್ತಿದ್ದರೆ ಮನೆಯಲ್ಲೇ ನೋಡಿಕೊಳ್ಳಬಹುದು. 99 ಇದ್ದರೂ ಮಂಕಾಗಿ ಬಿದ್ದಿದ್ದರೆ ಅದೇ ಚಿಂತೆಯ ವಿಷಯ.

ಮೆಫೆನಾಮಿಕ್, ಐಬುಪ್ರೊಫೇನ್ ಎರಡೂ ಈಗ ಬೇಡ. ಮಳೆಗಾಲದ ಬೆಂಗಳೂರಲ್ಲಿ ಯಾವ ಜ್ವರವೂ ಡೆಂಗ್ಯೂ ಆಗಿರಬಹುದು, ಡೆಂಗ್ಯೂನಲ್ಲಿ ಈ ಔಷಧಿಗಳು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಆಸ್ಪಿರಿನ್ ಮಕ್ಕಳಿಗೆ ಕೊಡಲೇಬೇಡಿ.

ಟೆಸ್ಟ್: ಮಗು ಚುರುಕಾಗಿದ್ದರೆ ಇವತ್ತೇ ಓಡಬೇಕಿಲ್ಲ. ಮೂರನೇ ದಿನಕ್ಕೂ ಜ್ವರ ಇದ್ದರೆ ಡಾಕ್ಟರಿಗೆ ತೋರಿಸಿ, ಸಿಬಿಸಿ (ರಕ್ತಕಣಗಳ ಎಣಿಕೆ) ಜೊತೆ ಎನ್‌ಎಸ್‌1 (ಡೆಂಗ್ಯೂ ವೈರಸ್ಸಿನ ಅಂಶ ಹುಡುಕುವ ಟೆಸ್ಟ್) ಬರೆಯುತ್ತಾರೆ. ಎನ್‌ಎಸ್‌1 ಮೊದಲ ಐದು ದಿನದಲ್ಲಿ ಮಾಡಿದರೇ ಪ್ರಯೋಜನ, ಆಮೇಲೆ ಐಜಿಎಂ, ಅಂದರೆ ವೈರಸ್ ವಿರುದ್ಧ ದೇಹ ಮಾಡಿದ ಪ್ರತಿಕಾಯ ನೋಡುವ ಟೆಸ್ಟ್. ಮೊದಲ ದಿನದ ಪ್ಲೇಟ್‌ಲೆಟ್ ಸರಿ ಇದೆ ಅಂತ ನಿಶ್ಚಿಂತೆಯಾಗಬೇಡಿ, ಅದು ಬೀಳೋದು ನಂತರ. ಪ್ಲೇಟ್‌ಲೆಟ್ ಒಂದನ್ನೇ ಹಿಡಿದುಕೊಂಡು ಕೂರಬೇಡಿ, ಹಿಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಏರುತ್ತಿದೆಯಾ ಅಂತಲೂ ಕೇಳಿ. ಅದು ಏರಿದರೆ ರಕ್ತನಾಳದಿಂದ ನೀರು ಹೊರಗೆ ಸೋರುತ್ತಿದೆ ಅಂತ.

ಇದನ್ನು ಮಾತ್ರ ದಯವಿಟ್ಟು ಮರೆಯಬೇಡಿ: ಡೆಂಗ್ಯೂ ಕೈಕೊಡೋದು ಜ್ವರ ಬಿಟ್ಟ ಹೊತ್ತಲ್ಲಿ, ಮೂರರಿಂದ ಏಳನೇ ದಿನದೊಳಗೆ. ಆಗ ಹೊಟ್ಟೆ ನೋವು, ಬಿಡದ ವಾಂತಿ, ವಸಡು ಅಥವಾ ಮೂಗಲ್ಲಿ ರಕ್ತ, ತಣ್ಣಗಾದ ಕೈಕಾಲು, ವಿಪರೀತ ಮಂಪರು, ಇಲ್ಲವೇ ಆರೆಂಟು ಗಂಟೆಯಿಂದ ಉಚ್ಚೆ ಇಲ್ಲ ಅಂದರೆ ರಾತ್ರಿಯಾದರೂ ಹೊರಡಿ. ನಿಮಗೆ ವಾಣಿ ವಿಲಾಸ ಆಸ್ಪತ್ರೆ ಹತ್ತಿರ, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೂ ದೂರವಿಲ್ಲ. ಓದುತ್ತಿರುವ ಬೇರೆಯವರಿಗೆ: ಮೂರು ತಿಂಗಳೊಳಗಿನ ಕೂಸಿಗೆ 100.4 ಬಂದರೆ ಮನೆಮದ್ದೂ ಇಲ್ಲ, ಸಿರಪ್ಪೂ ಇಲ್ಲ, ನೇರ ಆಸ್ಪತ್ರೆ.

ಬಸವನಗುಡಿ ಅಮ್ಮ
ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ತಣ್ಣೀರು ಬಟ್ಟೆ? ಜ್ವರ ತಲೆಗೇರಿ ಫಿಟ್ಸ್ ಬರುತ್ತೆ ಅಂತ ಅತ್ತೆಗೆ ಭಯ.

ಮಕ್ಕಳ ವಾರ್ಡ್ ನರ್ಸ್
ತಣ್ಣೀರು, ಐಸ್ ಬೇಡಮ್ಮ. ಚರ್ಮದ ರಕ್ತನಾಳ ಕುಗ್ಗಿ ನಡುಕ ಬರುತ್ತೆ, ಒಳಗಿನ ಬಿಸಿ ಒಳಗೇ ಉಳಿಯುತ್ತೆ. ಸಿರಪ್ ಕೊಟ್ಟ ಮೇಲೂ ಸಂಕಟಪಡುತ್ತಿದ್ದರೆ ಉಗುರುಬೆಚ್ಚಗಿನ ನೀರಲ್ಲಿ ಮೈ ಒರೆಸಿ, ಅವಳು ಬೇಡ ಅಂದರೆ ನಿಲ್ಲಿಸಿ. ಸ್ವೆಟರ್, ಟೋಪಿ ತೆಗೆದು ತೆಳು ಹತ್ತಿ ಬಟ್ಟೆ ಹಾಕಿ.

ಅತ್ತೆಯವರ ಭಯ ಸುಳ್ಳಲ್ಲ, ಆರು ತಿಂಗಳಿಂದ ಐದು ವರ್ಷದವರೆಗೆ ಕೆಲವು ಮಕ್ಕಳಿಗೆ ಜ್ವರದ ಫಿಟ್ಸ್ ಬರುತ್ತೆ. ಆದರೆ ಬಟ್ಟೆ ಹಾಕಿ ಅದನ್ನು ತಡೆಯೋಕಾಗಲ್ಲ. ಬಂದರೆ ನೆಲದ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿ. ಬಾಯಿಗೆ ಚಮಚ, ನೀರು ಏನೂ ಬೇಡ, ಕೈಗೆ ಬೀಗದ ಕೈ ಕೊಡೋದರಿಂದ ಏನೂ ಆಗಲ್ಲ. ಐದು ನಿಮಿಷ ದಾಟಿದರೆ 108. ಅಷ್ಟರೊಳಗೆ ನಿಂತರೂ ಅವತ್ತೇ ಡಾಕ್ಟರಿಗೆ ತೋರಿಸಿ.

ಫಾರ್ಮಸಿಸ್ಟ್, ಮಲ್ಲೇಶ್ವರಂ
ಭೇದಿ ಶುರುವಾದರೆ ಓಆರ್‌ಎಸ್ ಪುಡಿ ತನ್ನಿ, ಟೆಟ್ರಾಪ್ಯಾಕಿನ ಸಿಹಿ ಪಾನೀಯ ಅಲ್ಲ. ದೊಡ್ಡ ಪ್ಯಾಕೆಟ್‌ಗೆ ಪೂರ್ತಿ ಒಂದು ಲೀಟರ್ ಕಾಯಿಸಿ ಆರಿಸಿದ ನೀರು, ಚಿಕ್ಕದಕ್ಕೆ 200 ಎಂಎಲ್. ಅರ್ಧ ಪ್ಯಾಕೆಟ್ ಅಂದಾಜಿಗೆ ಲೋಟಕ್ಕೆ ಸುರಿದರೆ ಉಪ್ಪು ಹೆಚ್ಚಾಗಿ ಅಪಾಯ. ಕಲಸಿದ್ದು 24 ಗಂಟೆ ಕಳೆದರೆ ಚೆಲ್ಲಿ. ಪ್ಲೇಹೋಮಿಗೆ ಕಳಿಸೋದು ಸಿರಪ್ ಇಲ್ಲದೆಯೇ 24 ಗಂಟೆ ಜ್ವರ ಬಾರದಿದ್ದ ಮೇಲೆ.