ವೆಟ್‌ಲ್ಯಾಂಡ್‌ಗೆ ‘ತರಿ’ ಅನ್ಬಹುದಾ? ಜೌಗು, ಜವಳು, ಬಸಿ ಬಗ್ಗೆ ಸ್ವಲ್ಪ ಸಹಾಯ ಬೇಕಿತ್ತು

ಎಲ್ಲರಿಗೂ ನಮಸ್ಕಾರ. ಸುಮಾರು ದಿನ ಆಯ್ತು ಇಲ್ಲಿ ಬರೆದು, ಬರೀ ಓದ್ಕೊಂಡು ಸುಮ್ನಿದ್ದೆ, ಈಗ ನನ್ನದೇ ತಲೆನೋವು ತಗೊಂಡು ಬಂದಿದೀನಿ. ನಮ್ಮಕ್ಕನ ಮಗ ಅಮೆರಿಕದ ಅಯೋವಾದಲ್ಲಿದಾನೆ, ಅಲ್ಲಿನ ಮೆಕ್ಕೆಜೋಳ, ಸೋಯಾ ರೈತರು ಹೊಲದ ನೀರು ಬಸಿಯೋದಕ್ಕೂ ವೆಟ್‌ಲ್ಯಾಂಡ್ (ನೀರು ನಿಂತು ಒದ್ದೆಯಾಗೇ ಇರೋ ನೆಲ) ಕಾನೂನಿಗೂ ಇರೋ ಜಟಾಪಟಿ ಬಗ್ಗೆ ಇಂಗ್ಲಿಷಲ್ಲಿ ಒಂದು ಲೇಖನ ಬರೆದ, ಅದನ್ನ ನಾನು ನಮ್ಮ ಒಂದು ಕೃಷಿ ಪತ್ರಿಕೆಗೆ ಕನ್ನಡ ಮಾಡ್ತಿದೀನಿ. ಎರಡನೇ ಸಾಲಿಗೇ ಸಿಕ್ಕಾಕ್ಕೊಂಡೆ.

ಮೊದಲನೇ ಕಂತಲ್ಲಿ ನಾನು ವೆಟ್‌ಲ್ಯಾಂಡ್‌ಗೆ ‘ಜೌಗು’ ಅಂತ ಬರೆದಿದ್ದೆ, ಪತ್ರಿಕೆಯಲ್ಲಿ ಯಾರೋ ಅದನ್ನ ‘ತರಿಭೂಮಿ’ ಅಂತ ತಿದ್ದಿ ಕಳಿಸಿದರು. ಕೇಳಿದ್ರೆ ತರಿ ಅಂದ್ರೆ ಒದ್ದೆ ತಾನೇ ಸಾರ್, ಸರಿಯಾಗೇ ಇದೆಯಲ್ಲ ಅಂದ್ರು. ಪಾರ್ಸಿ ಲೆಕ್ಕದಲ್ಲಿ ಅವರು ಹೇಳಿದ್ದು ಸರಿನೇ, ಖುಷ್ಕ್ ಅಂದ್ರೆ ಒಣ, ತರ್ ಅಂದ್ರೆ ಹಸಿ. ಆದ್ರೆ ನಮ್ಮ ರೈತ ತರಿ ಅನ್ನೋ ಪದ ನೋಡಿರೋದು ಡಿಕ್ಷನರಿಲಿ ಅಲ್ಲ, ಪಹಣಿಲಿ. ಖುಷ್ಕಿ, ತರಿ, ಬಾಗಾಯ್ತು. ಅವನಿಗೆ ತರಿ ಅಂದ್ರೆ ನೀರಾವರಿ ಇರೋ ಗದ್ದೆ, ಕಂದಾಯ ಜಾಸ್ತಿ, ರೇಟೂ ಜಾಸ್ತಿ, ಹುಡುಗಿ ಕೊಡೋರು ಮೊದಲು ಕೇಳೋ ಜಮೀನು. ‘ಅಮೆರಿಕದಲ್ಲಿ ತರಿಭೂಮಿಯ ನೀರು ಬಸಿದರೆ ಸರ್ಕಾರದ ಸವಲತ್ತು ಕಟ್’ ಅಂತ ಬರೆದ್ರೆ ಓದೋನು ಏನಂದ್ಕೋಬೇಕು? ಭತ್ತದ ಗದ್ದೆ ನೀರು ಬಿಟ್ಟಿದ್ದಕ್ಕೆ ಶಿಕ್ಷೆ ಕೊಡ್ತಾರೆ ಅಂತ ತಾನೇ.

ಇದಕ್ಕಿಂತ ಮಜಾ ಏನಂದ್ರೆ ನಮ್ಮ ದೇಶದ 2017ರ ವೆಟ್‌ಲ್ಯಾಂಡ್ ನಿಯಮಗಳ ವ್ಯಾಖ್ಯೆಯಲ್ಲೇ ಭತ್ತದ ಗದ್ದೆಯನ್ನ ಹೊರಗಿಟ್ಟಿದಾರೆ, ನದಿ ಪಾತ್ರ, ಕುಡಿಯೋ ನೀರಿಗೆ ಕಟ್ಟಿದ್ದು, ನೀರಾವರಿಗೆ ಅಂತ್ಲೇ ಕಟ್ಟಿದ್ದು ಇವೂ ಹೊರಗೆ. ಅಂದ್ರೆ ಕಂದಾಯ ಇಲಾಖೆಗೆ ಗದ್ದೆನೇ ತರಿ, ಪರಿಸರ ಇಲಾಖೆಗೆ ಗದ್ದೆ ಮಾತ್ರ ವೆಟ್‌ಲ್ಯಾಂಡ್ ಅಲ್ಲ. ಇಂಗ್ಲಿಷಲ್ಲಿ ಎರಡಕ್ಕೂ ಒಂದೇ ಪದ, ನಡುವೆ ಜಾಗ ಬಿಟ್ಟು ಬರೆದ್ರೆ ಒಂದು ಅರ್ಥ, ಸೇರಿಸಿ ಬರೆದ್ರೆ ಇನ್ನೊಂದು. ಕನ್ನಡದಲ್ಲಿ ಆ ಗೊಂದಲ ನಾವಾಗೇ ಯಾಕೆ ಮೈಮೇಲೆ ಎಳ್ಕೋಬೇಕು ಅನ್ನೋದು ನನ್ನ ವಾದ.

ಫೆಬ್ರವರಿ 2, ವಿಶ್ವ ವೆಟ್‌ಲ್ಯಾಂಡ್ ದಿನ, ಬಂತು ಅಂದ್ರೆ ಪತ್ರಿಕೆಗಳಲ್ಲಿ ಜೌಗು ಪ್ರದೇಶ, ತೇವಭೂಮಿ, ಜೌಗುಭೂಮಿ ಅಂತ ಒಂದೊಂದ್ರಲ್ಲಿ ಒಂದೊಂದು ಬರುತ್ತೆ. ತೇವಭೂಮಿ ನನಗೆ ಒಪ್ಪಲ್ಲ, ತೇವ ಅಂದ್ರೆ ಬಿತ್ತೋಕೆ ಹದ ಇದೆ ಅಂತ ಅರ್ಥ, ಮಳೆ ಬಿದ್ದ ಮಾರನೇ ದಿನ ಮುಷ್ಟಿಲಿ ಮಣ್ಣು ಹಿಡಿದು ‘ತೇವ ಇದೆ, ಬಿತ್ತಬಹುದು’ ಅಂತೀವಲ್ಲ ಅದು. ಅಮೆರಿಕದ ಕಾನೂನಿನ ವೆಟ್‌ಲ್ಯಾಂಡ್ ಅಷ್ಟು ಸಲೀಸಲ್ಲ. ಮೂರು ಲಕ್ಷಣ ಇರಬೇಕು: ನೀರು ನಿಂತೂ ನಿಂತೂ ಗಾಳಿ ಆಡದೆ ಬಣ್ಣ ಕೆಟ್ಟ ಮಣ್ಣು, ನೀರಲ್ಲೇ ಬದುಕೋ ಜಾತಿ ಗಿಡ ಬೆಳೆಯೋ ಜಾಗ, ಬೆಳೆ ಕಾಲದಲ್ಲಿ ಇಷ್ಟು ದಿನ ಅಂತ ನೀರು ನಿಲ್ಲೋದು ಅಥವಾ ಬೇರಿನ ಮಟ್ಟಕ್ಕೆ ಬರೋದು. ಇದಕ್ಕೆ ಜೌಗು ಅನ್ನೋದೇ ಹತ್ರ ಅಂತ ನನಗನ್ಸುತ್ತೆ.

ಹುಡುಗ ಒಂದು ಫೋಟೋ ಕಳಿಸಿದ್ದ. ಆಳೆತ್ತರದ ಮೆಕ್ಕೆಜೋಳ, ಕಣ್ಣು ಹೋಗೋವರೆಗೂ ಹಸಿರು, ಮಧ್ಯ ಒಂದು ತಗ್ಗಲ್ಲಿ ಮಾತ್ರ ಮೊಣಕಾಲುದ್ದದ ಹಳದಿ ಗರಿ, ಅದರ ನಡುವೆ ಒಂದು ನಾಲ್ಕು ಗುಂಟೆಯಷ್ಟು ನೀರು, ನೀರಲ್ಲಿ ಎರಡು ಬಾತು. ಬಿತ್ತೋ ಮೆಷಿನ್ನು ಆ ತಗ್ಗನ್ನ ಸುತ್ತಿಕೊಂಡು ಹೋಗಿರೋ ಗೆರೆನೂ ಕಾಣುತ್ತೆ. ರೈತನಿಗೆ ಅದು ಕಣ್ಣಲ್ಲಿ ಕಸ, ಪೈಪ್ ಹಾಕಿ ಬಸಿದುಬಿಟ್ರೆ ಹೊಲ ನೆಟ್ಟಗಾಗುತ್ತೆ, ಮೆಷಿನ್ನು ನೇರ ಓಡುತ್ತೆ. ಕಾನೂನಿಗೆ ಅದು ಬಾತುಗಳ ಮನೆ. ಇಡೀ ಜಗಳ ಇಷ್ಟೇ.

ಈಗ ‘ಡ್ರೈನ್’ ವಿಷಯ. ಮೊದಲ ಕರಡಲ್ಲಿ ಕೈತಪ್ಪಿ ‘ನೀರು ಇಂಗಿಸಿ’ ಅಂತ ಬರೆದಿದ್ದೆ, ಪೂರ್ತಿ ಉಲ್ಟಾ! ನಮ್ಮ ಕೃಷಿ ಪತ್ರಿಕೆಗಳ ಓದುಗರು ಎಷ್ಟೋ ವರ್ಷದಿಂದ ಇಂಗುಗುಂಡಿ, ಕೃಷಿಹೊಂಡ, ಬದು ಅಂತ ಓದಿ ಓದಿ, ಓಡೋ ನೀರನ್ನ ನಡೆಸಿ, ನಡೆಯೋದನ್ನ ನಿಲ್ಲಿಸಿ, ನಿಂತಿದ್ದನ್ನ ಇಂಗಿಸಿ ಅಂತ ಬಾಯಿಪಾಠ ಮಾಡ್ಕೊಂಡಿರೋರು, ದುಡ್ಡು ಕೊಟ್ಟು ಹೊಲದ ನೀರು ಹೊರಗೆ ಹಾಕೋ ರೈತ ಅವರಿಗೆ ಅರ್ಥ ಆಗೋದೇ ಕಷ್ಟ. ಹಾಗಾಗಿ ಪದ ಗಟ್ಟಿಯಾಗಿರಬೇಕು. ‘ಬಸಿ’ ಅಂತ ಇಟ್ಕೊಂಡಿದೀನಿ, ಅನ್ನ ಬಸಿಯೋ ಬಸಿ. ಬಸಿಗಾಲುವೆ ಅಂದ್ರೆ ಎಲ್ಲರಿಗೂ ಗೊತ್ತು. ನಮ್ಮ ಕಡೆ ಅಡಿಕೆ ತೋಟದಲ್ಲಿ ಅದಕ್ಕೆ ಬರೀ ಕಪ್ಪು ಅಂತೀವಿ, ಮಳೆಗಾಲಕ್ಕೆ ಮುಂಚೆ ಕಪ್ಪು ಬಿಡಿಸದಿದ್ರೆ ಕೊಳೆ ರೋಗ ಬಂದ ಮೇಲೆ ಅಳಬೇಕು. ಆದ್ರೆ ‘ಕಪ್ಪು’ ಅಂತ ಬರೆದ್ರೆ ಮೈಸೂರು ಕಡೆಯೋರು ಬಣ್ಣ ಅಂದ್ಕೋತಾರೆ, ಬಿಟ್ಟೆ.

ಅಯೋವಾದಲ್ಲಿ ಕಾಲುವೆ ಮೇಲೆ ಕಾಣಲ್ಲ, ನೆಲದಡಿ ಮೂರು ನಾಲ್ಕು ಅಡಿ ಆಳದಲ್ಲಿ ತೂತಿನ ಪ್ಲಾಸ್ಟಿಕ್ ಪೈಪು. ಅದಕ್ಕೆ ಅವರು ಇವತ್ತಿಗೂ ಟೈಲ್ ಅಂತಾರೆ, ಯಾಕಂದ್ರೆ ಮೊದಲು ಅದು ಸುಟ್ಟ ಮಣ್ಣಿನ ಅಡಿ ಉದ್ದದ ಕೊಳವೆ, ಒಂದಕ್ಕೊಂದು ಮೂತಿ ಕೂಡಿಸಿ ಇಡೋರು, ಸಂದಿಲಿ ನೀರು ಒಳಗೆ ಬರೋದು. 1835ರಲ್ಲಿ ಜಾನ್ ಜಾನ್‌ಸ್ಟನ್ ಅನ್ನೋ ಸ್ಕಾಟ್ಲೆಂಡಿನ ರೈತ ನ್ಯೂಯಾರ್ಕ್ ರಾಜ್ಯದ ತನ್ನ ಹೊಲಕ್ಕೆ ತರಿಸಿದ್ದು ಅಲ್ಲಿ ಮೊದಲು ಅಂತಾರೆ. ನಾನು ‘ಹಂಚು’ ಅಂದ್ರೆ ಓದುಗ ಮಂಗಳೂರು ಹಂಚು ನೆನಸ್ಕೋತಾನೆ, ‘ಟೈಲ್ಸ್’ ಅಂದ್ರೆ ಬಚ್ಚಲುಮನೆ. ಒಳಬಸಿ ಪೈಪು? ಕೃಷ್ಣಾ, ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಇದೇ ಥರ ನೆಲದೊಳಗೆ ಪೈಪ್ ಹಾಕಿ ಸವಳು-ಜವಳು (ಉಪ್ಪು ಹತ್ತಿ, ನೀರು ಕಟ್ಟಿ ಕೆಟ್ಟ) ಜಮೀನು ಸರಿ ಮಾಡಿದಾರಲ್ಲ, ಆ ಕಡೆ ರೈತರ ಬಾಯಲ್ಲಿ ಅದಕ್ಕೆ ಏನಂತಾರೆ? ರಾಯಚೂರು, ಬೆಳಗಾವಿ ಕಡೆಯೋರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.

ಹೇಗೂ ಸವಳು-ಜವಳು ಅಂದೆ, ನನ್ನ ಮುಖ್ಯ ಪ್ರಶ್ನೆನೂ ಅಲ್ಲೇ ಇದೆ. ನಿಘಂಟು ನೋಡಿದ್ರೆ ಜೌಗು, ಜವುಗು, ಜವಳು, ಜೌಳು ಎಲ್ಲಾ ಒಂದೇ ಸಾಲಲ್ಲಿ ಕೂರುತ್ವೆ. ಆದ್ರೆ ಬಳಕೆಯಲ್ಲಿ ನನಗೆ ಒಂದು ವ್ಯತ್ಯಾಸ ಕಾಣುತ್ತೆ. ಜವಳು ಅಂದ್ರೆ ಕಾಲುವೆ ಬಂದ ಮೇಲೆ ನೀರು ಜಾಸ್ತಿ ಕಟ್ಟಿ ಕಟ್ಟಿ ಕೆಟ್ಟ ಜಮೀನು, ನಿನ್ನೆವರೆಗೂ ಚೆನ್ನಾಗಿದ್ದ ಎರೆಹೊಲ. ಜೌಗು ಅಂದ್ರೆ ಅಜ್ಜನ ಕಾಲದಿಂದ್ಲೂ ಹಾಗೇ ಇರೋದು, ಎತ್ತು ಇಳಿದ್ರೆ ಹೂತ್ಕೊಳ್ಳೋ ಜಾಗ. ಅಮೆರಿಕದ ಕಾನೂನಲ್ಲೂ ಇದೇ ಗೆರೆ ಇದೆ ಅಂದ್ರೆ ನಂಬ್ತೀರಾ! ನೀರಾವರಿಯಿಂದ ಒದ್ದೆಯಾದ ಜಾಗ, ಒಣ ನೆಲದಲ್ಲಿ ತೋಡಿಸಿದ ಹೊಂಡ ಇವೆಲ್ಲ ಅಲ್ಲಿ ವಿನಾಯಿತಿ, ಬಸಿದ್ರೆ ಕೇಳೋರಿಲ್ಲ. ಅಂದ್ರೆ ಅವರ ಲೆಕ್ಕದಲ್ಲಿ ಜವಳು ಬಸಿದ್ರೆ ಏನೂ ಆಗಲ್ಲ, ಜೌಗು ಬಸಿದ್ರೆ ಸವಲತ್ತು ಹೋಗುತ್ತೆ. ಇಂಗ್ಲಿಷಲ್ಲಿ ಅರ್ಧ ಪುಟ ಬೇಕಾಗಿದ್ದು ಕನ್ನಡದಲ್ಲಿ ಎರಡು ಪದದಲ್ಲಿ ಮುಗೀತು. ಆದ್ರೆ ಈ ವ್ಯತ್ಯಾಸ ನಿಜವಾಗ್ಲೂ ಇದೆಯಾ ಇಲ್ಲ ನನ್ನ ಕಿವಿಯ ಭ್ರಮೆನಾ, ಅದನ್ನ ನೀವು ಹೇಳಬೇಕು.

ಉತ್ತರ ಕನ್ನಡದೋರು ‘ಜಡ್ಡಿ’ ಅಂತ ಸೂಚಿಸಬಹುದು, ರಾಮಪತ್ರೆ ಜಡ್ಡಿ ಕೇಳಿದೀನಿ, ಒಳ್ಳೇ ಪದ, ಆದ್ರೆ ಅದರಲ್ಲಿ ಕಾಡು ಬಂದುಬಿಡುತ್ತೆ. ‘ಹಡ್ಲು’ನೂ ಹಾಗೇ. ‘ಗಜನಿ’ ಅಂದ್ರೆ ಅಘನಾಶಿನಿ ಕಡೆ ಕಗ್ಗ ಭತ್ತ ಬೆಳೆಯೋ ಉಪ್ಪುನೀರಿನ ಗದ್ದೆ. ಬಯಲಿನ ಹೊಲಕ್ಕೆ ಇವು ಯಾವುವೂ ಕೂರಲ್ಲ.

ಇನ್ನು ಕಾನೂನಿನ ಅಡ್ಡಹೆಸರು, ಸ್ವಾಂಪ್‌ಬಸ್ಟರ್. 1985ರ ಫುಡ್ ಸೆಕ್ಯುರಿಟಿ ಆಕ್ಟ್‌ನ ಒಂದು ತುಂಡು ಇದು. ತಮಾಷೆ ನೋಡಿ, ಜೌಗು ಒಡೆಯೋದನ್ನ ತಡೆಯೋ ನಿಯಮಕ್ಕೆ ಒಡೆಯೋನ ಹೆಸರೇ ಬಿದ್ದಿದೆ. ಹಳೇ ಕಾಲದಲ್ಲಿ ಹುಲ್ಲುಗಾವಲು ಸೀಳಿ ಉತ್ತ ವಲಸಿಗ ರೈತರಿಗೆ ಸಾಡ್‌ಬಸ್ಟರ್ ಅನ್ನೋರು, ಅದರ ಜೋಡಿ ಇದು. ನಾನು ಹುಮ್ಮಸ್ಸಲ್ಲಿ ‘ಜೌಗು ಒಡೆಯ’ ಅಂತ ಬರೆದೆ, ಮನೆಯವಳು ಓದಿ ಯಾವೂರು ಜಮೀನ್ದಾರ್ರಪ್ಪ ಇದು ಅಂದ್ಲು. ಸ್ವಾಂಪ್‌ಬಸ್ಟರ್ ಅಂತಲೇ ಬಿಡೋದು ವಾಸಿ ಅನ್ಸುತ್ತೆ.

‘ನಿಷೇಧ’ ಅನ್ನೋ ಪದನೂ ತೆಗೆದುಹಾಕಿದೆ. ಯಾಕಂದ್ರೆ ಇದು ನಿಷೇಧ ಅಲ್ಲ. ನಿನ್ನ ಹೊಲ, ಬಸಿದ್ಕೋ, ಈ ಕಾನೂನಡಿ ಪೊಲೀಸ್ ಬರಲ್ಲ, ಆದ್ರೆ ಸರ್ಕಾರದ ಸಾಲ, ಸಬ್ಸಿಡಿ, ಬರ-ನೆರೆ ಪರಿಹಾರ ಕೇಳಬೇಡ. ಅದೂ ಆ ಒಂದು ತಗ್ಗಿಗಷ್ಟೇ ಅಲ್ಲ, ಆ ರೈತನ ಎಲ್ಲಾ ಹೊಲಕ್ಕೂ. 2014ರ ಫಾರ್ಮ್ ಬಿಲ್ (ಅಲ್ಲಿನ ಕೃಷಿ ಕಾಯ್ದೆ) ಆದ ಮೇಲೆ ಬೆಳೆ ವಿಮೆ ಪ್ರೀಮಿಯಂನಲ್ಲಿ ಸರ್ಕಾರ ಹಾಕೋ ಪಾಲನ್ನೂ ಮತ್ತೆ ಇದಕ್ಕೇ ಗಂಟು ಹಾಕಿದಾರೆ, ಅದೇ ಅಲ್ಲಿಯೋರಿಗೆ ಬಿಸಿ ಮುಟ್ಟಿಸಿರೋದು. 1990ರ ನವೆಂಬರ್ 28ರಿಂದ ಇನ್ನೂ ಬಿಗಿ: ಬಿತ್ತದಿದ್ರೂ ಸರಿ, ಬಿತ್ತೋಕಾಗೋ ಹಾಗೆ ಬಸಿದ್ರೇ ಸಾಕು, ಸವಲತ್ತು ಹೋಯ್ತು. ‘ಸವಲತ್ತು ಕಡಿತ’ ಅಂತ ಹಾಕಿದೀನಿ, ‘ಅನರ್ಹತೆ’ ಅಂದ್ರೆ ಎಮ್ಮೆಲ್ಲೆಗಳ ನೆನಪಾಗುತ್ತೆ.

ಬೆಳೆ ಅನ್ನೋ ಪದದಲ್ಲೂ ಒಂದು ಕೊಕ್ಕೆ. ಎಲ್ಲಾ ಬೆಳೆ ಅಲ್ಲ, ವರ್ಷ ವರ್ಷ ಉತ್ತು ಬಿತ್ತೋದು ಮಾತ್ರ, ಜೊತೆಗೆ ಕಬ್ಬನ್ನ ಹೆಸರು ಹಿಡಿದು ಸೇರಿಸಿದಾರೆ. ಯಾಕೆ ಅಂತ ನಮ್ಮ ಮಂಡ್ಯದೋರಿಗೆ ಹೇಳೋದೇ ಬೇಡ, ಕೂಳೆ ಕಬ್ಬನ್ನ ಯಾರು ವರ್ಷಾ ಉಳ್ತಾರೆ.

ಕೊನೆಗೆ ಎರಡು ನಕ್ಷೆ ಪದ, ಇವು ನಿಜವಾಗ್ಲೂ ಕಷ್ಟ. ಅಲ್ಲಿ ಹೊಲದ ನಕ್ಷೆ ಮೇಲೆ ಅಕ್ಷರ ಬರೀತಾರೆ, ನಮ್ಮಲ್ಲಿ ಅ ಖರಾಬು, ಬ ಖರಾಬು ಅಂತ ಇರೋ ಹಾಗೆ. ಪಿಸಿ ಅಂತಿದ್ರೆ ಪ್ರಯರ್ ಕನ್ವರ್ಟೆಡ್ ಕ್ರಾಪ್‌ಲ್ಯಾಂಡ್, 1985ರ ಡಿಸೆಂಬರ್ 23ಕ್ಕೆ ಮುಂಚೆನೇ ಬಸಿದು ಬೆಳೆ ತೆಗೆದಿದ್ದ ಹೊಲ, ಸ್ವಾಂಪ್‌ಬಸ್ಟರ್ ಲೆಕ್ಕದಲ್ಲಿ ಅದಕ್ಕೆ ಹೊಸ ಪೈಪ್ ಹಾಕ್ಕೊಂಡ್ರೂ ಸರಿ. ಎಫ್‌ಡಬ್ಲ್ಯೂ ಅಂತಿದ್ರೆ ಫಾರ್ಮ್ಡ್ ವೆಟ್‌ಲ್ಯಾಂಡ್, ಆಗ್ಲೂ ಅರೆಬರೆ ಬಸಿದು ಉಳ್ತಿದ್ರು, ಈಗ್ಲೂ ಉಳಬಹುದು, ಇದ್ದ ಕಾಲುವೆ ರಿಪೇರಿನೂ ಮಾಡ್ಕೋಬಹುದು, ಆದ್ರೆ ಮೊದಲಿಗಿಂತ ಜಾಸ್ತಿ ಬಸಿಯೋ ಹಾಗಿಲ್ಲ. ಒಂದೇ ಬೇಲಿಯೊಳಗೆ ಪಿಸಿ ಒಂದು, ಎಫ್‌ಡಬ್ಲ್ಯೂ ಒಂದು ಇದ್ರೆ ರೈತನ ಪಾಡು ಯೋಚನೆ ಮಾಡಿ. ನಮ್ಮ ಬಗರ್‌ಹುಕುಂ ಥರ ಇಲ್ಲೂ ಎಲ್ಲಾ ನಿಂತಿರೋದು ಕಟಾಫ್ ಡೇಟ್ ಮೇಲೆ, ಹಳೇ ವಿಮಾನದ ಫೋಟೋ ತೆಗೆದು ಯಾವ ವರ್ಷ ಎಲ್ಲಿ ನೀರು ನಿಂತಿತ್ತು ಅಂತ ನೋಡ್ತಾರಂತೆ, ಫಾರಮ್ಮಿಗೂ ನಾವು ಫಾರಂ 57 ಅನ್ನೋ ಹಾಗೆ ಅವರು ಎಡಿ 1026 ಅಂತ ನಂಬರಲ್ಲೇ ಮಾತಾಡ್ತಾರಂತೆ.

ಪಿಸಿಗೆ ‘ಹಳೇ ಬಸಿಹೊಲ’, ಎಫ್‌ಡಬ್ಲ್ಯೂಗೆ ‘ಉಳುವ ಜೌಗು’ ಅಂತ ಸದ್ಯಕ್ಕೆ ಹಾಕಿದೀನಿ. ‘ಪೂರ್ವ ಪರಿವರ್ತಿತ ಕೃಷಿಭೂಮಿ’ ಅಂತ ದಯವಿಟ್ಟು ಯಾರೂ ಸೂಚಿಸಬೇಡಿ, ಅದು ಆಗಲೇ ಪತ್ರಿಕೆಯಿಂದ ಬಂದಿದೆ, ಮತ್ತೆ ನಮ್ಮಲ್ಲಿ ಪರಿವರ್ತನೆ ಅಂದ್ರೆ ಸೈಟ್ ಮಾಡೋಕೆ ಎನ್‌ಎ ಮಾಡಿಸೋದು ಅಂತಲೇ ಜನಕ್ಕೆ ಅರ್ಥ. ಫೋಟೋದಲ್ಲಿದ್ದಂಥ ಆ ತಗ್ಗುಗಳಿಗೆ ಅಲ್ಲಿ ಪಾಟ್‌ಹೋಲ್ ಅಂತಾರೆ, ಹಿಮನದಿ ಕರಗಿ ಹೋದಾಗ ಉಳಿದ ಕುಳಿಗಳು, ನಾನು ‘ಗುಂಡಿ’ ಅಂತ ಬರೆದ್ರೆ ಬೆಂಗಳೂರಿನ ಓದುಗ ಪಾಲಿಕೆಗೆ ಬೈಯೋಕೆ ಶುರು ಮಾಡ್ತಾನೆ. ಮಳೆಗಾಲದಲ್ಲಿ ತುಂಬಿ, ಬೇಸಿಗೆಲಿ ಬತ್ತೋ, ಹೊಲದ ನಡುವಿನ ಆಳ ಇಲ್ಲದ ತಗ್ಗಿಗೆ ನಿಮ್ಮ ನಿಮ್ಮ ಊರಲ್ಲಿ ಏನಂತಾರೆ? ಎರಡನೇ ಕಂತು ಶನಿವಾರ ಕಳಿಸಬೇಕು, ಶುಕ್ರವಾರ ರಾತ್ರಿವರೆಗೂ ಬಂದ ಪದ ಎಲ್ಲಾ ನೋಡ್ತೀನಿ.