ಸಹಾಯ ಬೇಕು: ತಂಬೂರಿಯ ಮಂದ್ರ ತಂತಿಗೆ ಝೇಂಕಾರ ಬರುತ್ತಿಲ್ಲ

ಹಲಸಿನ ಮರದಲ್ಲಿ ಮನೆಯಲ್ಲೇ ಒಂದು ತಂಬೂರಿ ಮಾಡುತ್ತಿದ್ದೇನೆ. ಬುರುಡೆ, ದಂಡಿ, ಮೇಲ್ಹಲಗೆ, ಬಿರಡೆ ಎಲ್ಲ ಮುಗಿದಿವೆ, ತಂತಿಗಳನ್ನು ಹೊತ್ತು ನಿಲ್ಲುವ ಕುದುರೆ ಬೀಟೆಯದು. ಪಂಚಮದ ತಂತಿಯೂ ನಡುವಿನ ಎರಡು ಷಡ್ಜಗಳೂ, ಕುದುರೆಯ ಮೇಲೆ ತಂತಿಯ ಅಡಿಗಿಟ್ಟ ಹತ್ತಿ ದಾರವನ್ನು ತುಸು ಸರಿಸಿದೊಡನೆ ಚೆನ್ನಾಗಿ ಝೇಂಕರಿಸುತ್ತವೆ. ಮಂದ್ರ ಷಡ್ಜದ ಹಿತ್ತಾಳೆ ತಂತಿ ಮಾತ್ರ, ದಾರ ಎಲ್ಲಿಟ್ಟರೂ, ಮುನಿಸಿಕೊಂಡ ನೆಂಟರಂತೆ ಒಂದು ಮಾತಾಡಿ ಸುಮ್ಮನಾಗುತ್ತದೆ. ದಪ್ಪ ತಂತಿ ಹೆಚ್ಚು ಅಗಲಕ್ಕೆ ಕಂಪಿಸುವುದರಿಂದ ಕುದುರೆಯ ಬೆನ್ನಿನ ಉಬ್ಬು ಅಲ್ಲಿ ಬೇರೆ ಬಗೆಯಲ್ಲಿರಬೇಕು ಎಂಬುದು ನನ್ನ ಊಹೆ. ಉಜ್ಜಿ ತೆಗೆದ ಮರ ಮತ್ತೆ ಬಾರದು, ಹಾಗಾಗಿ ಇನ್ನೂ ಅರ ಮುಟ್ಟಿಲ್ಲ. ಇಳಿಜಾರನ್ನು ದಂಡಿಯ ಕಡೆಗೆ ಹೆಚ್ಚಿಸಬೇಕೋ, ಹಿಂದಕ್ಕೋ? ರೇಷ್ಮೆ ದಾರದಿಂದ ಪ್ರಯೋಜನವಿದೆಯೇ? ಕೈಯಾರೆ ಕುದುರೆ ತಿದ್ದಿದವರು ದಯವಿಟ್ಟು ತಿಳಿಸಿ. ಮೊಬೈಲಿನ ಶ್ರುತಿಯೇ ಸಾಕಲ್ಲವೇ ಎಂಬ ಸಲಹೆ ಮನೆಯಲ್ಲೇ ಧಾರಾಳವಾಗಿ ಸಿಗುತ್ತಿದೆ.